ಅಣ್ಣನ ಡ್ವಾರ್ಫ್‌ಗೆ ಕೊಟ್ಟ ಶಕ್ತಿ ವಾಪಸ್ ತಗೋಬಹುದಾ?

ಪ್ರಶ್ನೆ: ನನಗೆ 29 ವರ್ಷ. ಎರಡು ವಾರಕ್ಕೊಮ್ಮೆ ಶನಿವಾರ ನಮ್ಮ ಮನೆಯಲ್ಲಿ ಐದು ಜನ ಸೇರಿ ಡಂಜನ್ಸ್ ಅಂಡ್ ಡ್ರಾಗನ್ಸ್ (ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಡೈಸ್ ಹಾಕುತ್ತಾ ಕಥೆ ಕಟ್ಟುವ ಆಟ) ಆಡುತ್ತೇವೆ, ನಿಯಮಕ್ಕೆ 2014ರ ಪುಸ್ತಕ. ಕಥೆ ಹೇಳಿ ಆಟ ನಡೆಸುವ ಡಿಎಂ (ಡಂಜನ್ ಮಾಸ್ಟರ್) ನಾನೇ. ನನ್ನ ದೊಡ್ಡಪ್ಪನ ಮಗ, ನನಗಿಂತ ಆರು ವರ್ಷ ದೊಡ್ಡವನು, ಡ್ವಾರ್ಫ್ ಫೈಟರ್, ಅಂದರೆ ಕುಳ್ಳರ ಕುಲದ ಯೋಧನ ಪಾತ್ರ ಆಡುತ್ತಾನೆ. ಈ ಆಟ ನನಗೆ ಹೇಳಿಕೊಟ್ಟಿದ್ದೇ ಅವನು. ಶುರುವಿನಲ್ಲಿ ಅವನ ಖುಷಿಗೆ ಅಂತ ಒಂದು ಹೌಸ್ ರೂಲ್ (ಪುಸ್ತಕದಲ್ಲಿಲ್ಲದ ನಮ್ಮದೇ ನಿಯಮ) ಮಾಡಿದೆ. ಕಲ್ಲಿನ ಜಾಗದಲ್ಲಿ ಟ್ರ್ಯಾಪ್ ಇರಲಿ, ಗುಪ್ತ ಬಾಗಿಲು ಇರಲಿ, ಡ್ವಾರ್ಫ್‌ಗೆ ತಾನಾಗೇ ಗೊತ್ತಾಗುತ್ತದೆ ಅಂತ. ನಮ್ಮ ಕಥೆ ನಡೆಯುವುದು ಹಾಳುಬಿದ್ದ ಗಣಿಯಲ್ಲಿ, ಎಲ್ಲಿ ನೋಡಿದರೂ ಕಲ್ಲೇ. ರೋಗ್ (ಟ್ರ್ಯಾಪ್, ಬೀಗ ಬಿಚ್ಚುವ ಕಳ್ಳರ ಪಾತ್ರ) ಆಡುವ ನನ್ನ ಸಹೋದ್ಯೋಗಿಗೆ ಈಗ ಕೆಲಸವೇ ಇಲ್ಲ, ಫೋನ್ ನೋಡುತ್ತಾ ಕೂರುತ್ತಾಳೆ. ಸಾಲದ್ದಕ್ಕೆ ವಿಷವೂ ಅಣ್ಣನಿಗೆ ಅಷ್ಟಾಗಿ ನಾಟುವುದಿಲ್ಲ. ಹೋದ ಸಲ ದೈತ್ಯ ಜೇಡ ಕಚ್ಚಿದಾಗ ಅವನು ಸೇವ್‌ಗೆ, ಅಂದರೆ ವಿಷದಿಂದ ಪಾರಾಗಲು ಹಾಕುವ ಡೈಸ್‌ಗೆ, ಒಂದರ ಬದಲು ಎರಡು ಎತ್ತಿಕೊಂಡ, ಅದರಲ್ಲಿ ದೊಡ್ಡದೇ ಲೆಕ್ಕ. "ಇದು ಬೇರೆ ಥರದ ವಿಷ, ಒಂದೇ ಹಾಕು" ಅಂದೆ. ಮಾತಿಗೆ ಮಾತು ಬೆಳೆದು "ಇವತ್ತಿಂದ ಕಲ್ಲಿನ ರೂಲೂ ಇಲ್ಲ" ಅಂದುಬಿಟ್ಟೆ. ಅವನು ಕ್ಯಾರೆಕ್ಟರ್ ಶೀಟ್ (ಪಾತ್ರದ ವಿವರ ಬರೆದ ಹಾಳೆ) ಮಡಚಿ ಜೇಬಿಗಿಟ್ಟುಕೊಂಡು ಎದ್ದು ಹೋದ, ವಾಟ್ಸಾಪ್ ಗ್ರೂಪನ್ನೂ ಬಿಟ್ಟ. ಗೌರಿ ಹಬ್ಬಕ್ಕೆ ಊರಿಗೆ ಹೋದರೆ ಮುಖ ನೋಡಲೇಬೇಕು. ಡಿಎಂ ಮಾತೇ ಕೊನೆ ಅಲ್ವಾ? ನನ್ನದು ತಪ್ಪಾ?
– ಹೆಸರು ಬೇಡ, ಬೆಂಗಳೂರು

ಉತ್ತರ: ಡಿಎಂ ಮಾತೇ ಕೊನೆ, ಸರಿ. ಆದರೆ ಅವತ್ತು ನೀವು ಎರಡು ಬೇರೆ ಬೇರೆ ಕೆಲಸ ಮಾಡಿ, ಪತ್ರದಲ್ಲಿ ಎರಡನ್ನೂ ಒಂದೇ ಗಂಟಿಗೆ ಕಟ್ಟಿದ್ದೀರಿ. ಕಲ್ಲಿನ ರೂಲ್ ನೀವೇ ಕೊಟ್ಟಿದ್ದು, ಅದನ್ನು ತಿದ್ದುವ ಹಕ್ಕು ನಿಮಗಿದೆ. ವಿಷದ್ದು ಹಾಗಲ್ಲ. ನಿಮ್ಮಣ್ಣ ಡ್ವಾರ್ಫ್ ಆರಿಸಿಕೊಂಡ ದಿನವೇ ಪುಸ್ತಕದಿಂದ ಅವರ ಶೀಟಿಗೆ ಬಂದಿದ್ದು ಅದು. ಅದಕ್ಕೆ ಬೆಲೆಯನ್ನೂ ಕೊಟ್ಟಿದ್ದಾರೆ. ಮನುಷ್ಯರು ಒಂದು ಸುತ್ತಿಗೆ 30 ಅಡಿ ನಡೆದರೆ ಅವರ ಡ್ವಾರ್ಫ್ 25 ಅಡಿಯಲ್ಲೇ ನಿಲ್ಲಬೇಕು. ಜೇಡ ಕಚ್ಚಿ, ಡೈಸ್ ಕೈಯಲ್ಲಿರುವಾಗ "ಇದು ಬೇರೆ ವಿಷ" ಅಂದರೆ ಅದು ಹೌಸ್ ರೂಲ್ ಅಲ್ಲ ಸ್ವಾಮಿ, ಅದು ಆಟದಲ್ಲಿ ಮೋಸ. ನಿಮ್ಮಣ್ಣನಿಗೆ ಕೋಪ ಬಂದಿದ್ದು ಅಲ್ಲಿ. ಕಲ್ಲಿನ ವಿಷಯ ಆಮೇಲೆ ಉರಿಯುವ ಬೆಂಕಿಗೆ ತುಪ್ಪ ಸುರಿದ ಹಾಗಾಯಿತು ಅಷ್ಟೆ.

ಅಷ್ಟಕ್ಕೂ ಏನು ಉಳಿಸಿಕೊಳ್ಳಲು ಹೋದಿರಿ ಅಂತ ಸ್ವಲ್ಪ ಲೆಕ್ಕ ಹಾಕಿ. 2014ರ ಪುಸ್ತಕದ ದೈತ್ಯ ಜೇಡದ ವಿಷ ತಪ್ಪಿಸಿಕೊಳ್ಳಲು ಇಪ್ಪತ್ತು ಮುಖದ ಡೈಸ್‌ನಲ್ಲಿ ಬಿದ್ದದ್ದಕ್ಕೆ ಪಾತ್ರದ ಬೋನಸ್ ಕೂಡಿ 11 ಮುಟ್ಟಬೇಕು. ಫೈಟರ್‌ಗೆ ಕಾನ್‌ಸ್ಟಿಟ್ಯೂಷನ್ (ದೇಹದ ತಾಳಿಕೆ) ಸೇವ್ ಮೊದಲೇ ಗಟ್ಟಿ. ನಿಮ್ಮವರು 5ನೇ ಲೆವೆಲ್ ಅಂತ ಇಟ್ಟುಕೊಳ್ಳೋಣ, +6 ಇರುತ್ತದೆ ಅಂತಲೂ ಇಟ್ಟುಕೊಳ್ಳೋಣ. ಡೈಸ್‌ನಲ್ಲಿ 5 ಬಂದರೂ ಪಾಸ್. ಅಂದರೆ ಒಂದೇ ಡೈಸ್ ಹಾಕಿದರೂ ನೂರಕ್ಕೆ 80 ಸಲ ಪಾರಾಗುತ್ತಾರೆ, ಎರಡು ಹಾಕಿದರೆ 96 ಸಲ. ಇನ್ನು ವಿಷದ ಪೆಟ್ಟು ಸರಾಸರಿ 9. ಡ್ವಾರ್ಫ್‌ಗೆ ಅದು ಅರ್ಧವಾಗಿ 4, ಸೇವ್ ಪಾಸಾದರೆ ಮತ್ತೂ ಅರ್ಧವಾಗಿ 2. ಎರಡು ಹಿಟ್ ಪಾಯಿಂಟ್ (ಪಾತ್ರದ ಪ್ರಾಣದ ಅಂಕ) ವ್ಯತ್ಯಾಸಕ್ಕೆ ಅಣ್ಣನನ್ನು ಕಳೆದುಕೊಂಡು ಕೂತಿದ್ದೀರಲ್ಲ!

ಡ್ವಾರ್ಫ್‌ಗೆ ಬಿಸಿ ಮುಟ್ಟಿಸಬೇಕು ಅಂತಿದ್ದರೆ ಅದೇ ಜೇಡದ ಹತ್ತಿರ ಬಲೆ ಇರಲಿಲ್ವಾ? ಬಲೆಗೆ ಸಿಕ್ಕಿದವರು ಒಂದು ಅಡಿಯೂ ಕದಲುವ ಹಾಗಿಲ್ಲ, ಹೊಡೆಯುವವರಿಗೆಲ್ಲ ಅಡ್ವಾಂಟೇಜ್, ಅಂದರೆ ಎರಡು ಡೈಸ್ ಹಾಕಿ ದೊಡ್ಡದನ್ನು ಇಟ್ಟುಕೊಳ್ಳಬಹುದು. ಅದನ್ನು ಹರಿಯಲು ಸ್ಟ್ರೆಂತ್‌ನಲ್ಲಿ 12 ಬೇಕು. ಡ್ವಾರ್ಫ್ ಅಂತ ಅದಕ್ಕೆ ಯಾವ ರಿಯಾಯಿತಿಯೂ ಇಲ್ಲ. ವಿಷ ಅರಗಿಸಿಕೊಳ್ಳುವುದು ಡ್ವಾರ್ಫ್ ಆಡುವವರ ಹೆಮ್ಮೆ. ಉಳಿದವರು ಒದ್ದಾಡುವಾಗ ಬಾಯಿ ಒರೆಸಿಕೊಂಡು ಮುಂದೆ ಹೋಗುವ ಆ ಖುಷಿ ಅವರಿಗೆ ಇರಲಿ ಬಿಡಿ.

ಇನ್ನು ಕಲ್ಲು. ಇದರಲ್ಲಿ ನೀವು ಧಾರಾಳ ಜಾಸ್ತಿ ಮಾಡಿದಿರಿ. ನಿಮ್ಮ ಪುಸ್ತಕದಲ್ಲಿ ಡ್ವಾರ್ಫ್‌ಗೆ ಇರುವ ಸ್ಟೋನ್‌ಕನಿಂಗ್ ಅನ್ನೋ ಕಲ್ಲಿನ ಜ್ಞಾನಕ್ಕೆ ಟ್ರ್ಯಾಪ್ ಹುಡುಕುವ ಕೆಲಸವೇ ಇಲ್ಲ. ಈ ಕಲ್ಲಿನ ಕೆಲಸ ಯಾರದ್ದು, ಯಾವ ಕಾಲದ್ದು ಅನ್ನೋ ಹಿಸ್ಟರಿ ಚೆಕ್‌ಗೆ (ಡೈಸ್ ಹಾಕಿ ನೋಡುವ ಇತಿಹಾಸದ ಪರೀಕ್ಷೆ) ಎರಡರಷ್ಟು ಪ್ರೊಫಿಷಿಯೆನ್ಸಿ ಬೋನಸ್, ಅಂದರೆ ಪರಿಣತಿಯ ಹೆಚ್ಚುವರಿ ಅಂಕ ಕೊಡುತ್ತದೆ, ಅಷ್ಟೆ. ಹಳೇ ಪುಸ್ತಕಗಳಲ್ಲಿ ಹುಡುಕುವ ಶಕ್ತಿ ಇತ್ತು, ಬಹುಶಃ ನಿಮ್ಮಣ್ಣನಿಗೆ ಆ ನೆನಪು ಇದ್ದಿರಬಹುದು. 1978ರ ಅಡ್ವಾನ್ಸ್‌ಡ್ ಆವೃತ್ತಿಯಲ್ಲಿ ಡ್ವಾರ್ಫ್ ಹತ್ತು ಅಡಿ ಒಳಗೆ ಬಂದು ಗಮನ ಕೊಟ್ಟರೆ ಕಲ್ಲಿನ ಟ್ರ್ಯಾಪ್ ಸಿಗುವ ಸಾಧ್ಯತೆ ನೂರಕ್ಕೆ 50, ಹೊಸದಾಗಿ ಕಟ್ಟಿದ್ದು ಗೊತ್ತಾಗಲು 75. 1981ರ ಬೇಸಿಕ್ ಪುಸ್ತಕದಲ್ಲಿ ಆರು ಮುಖದ ಡೈಸ್‌ನಲ್ಲಿ 1 ಅಥವಾ 2 ಬಿದ್ದರೆ ಮಾತ್ರ. 2000ದ ಮೂರನೇ ಆವೃತ್ತಿಯಲ್ಲಿ ಹತ್ತು ಅಡಿ ಹತ್ತಿರ ಸುಮ್ನೆ ಹಾದುಹೋದರೂ ಹುಡುಕುವ ಅವಕಾಶ ಸಿಗುತ್ತಿತ್ತು, ಆದರೂ ಡೈಸ್ ಹಾಕಲೇಬೇಕಿತ್ತು. ಇವು ಯಾವುದರಲ್ಲೂ ಟ್ರ್ಯಾಪ್ ತಾನಾಗೇ ಕಾಣುತ್ತಿರಲಿಲ್ಲ. ಕಂಡರೂ ಕಳಚಬೇಕಲ್ಲ, ಅದಕ್ಕೆ ಕಳ್ಳರ ವಿದ್ಯೆ ಬಲ್ಲವರೇ ಬೇಕಿತ್ತು.

ನಿಮ್ಮ ರೋಗ್‌ಗೆ ಕೆಲಸ ಇರುವುದು ಅಲ್ಲೇ. ರೂಲ್ ಪೂರ್ತಿ ಕಿತ್ತುಹಾಕಬೇಡಿ, ಕಡಿಮೆ ಮಾಡಿ. ಡ್ವಾರ್ಫ್ ಹತ್ತು ಅಡಿ ಒಳಗೆ ಬಂದಾಗ ಆರು ಮುಖದ ಡೈಸ್ ಹಾಕಲಿ. 1 ಅಥವಾ 2 ಬಿದ್ದರೆ "ಟ್ರ್ಯಾಪ್ ಇದೆ" ಅನ್ನಬೇಡಿ. "ಬಲಗಡೆ ಮೂರನೇ ಹಾಸುಗಲ್ಲಿನ ಸಂದಿಯಲ್ಲಿ ಗಾರೆ ಹೊಸದು" ಅನ್ನಿ, ಅಲ್ಲಿಗೆ ಸುಮ್ಮನಾಗಿ. ಆ ಕಲ್ಲಿನ ಕೆಳಗೆ ಏನಿದೆ, ಎಲ್ಲಿ ಕೈ ಹಾಕಬಾರದು, ಹೇಗೆ ಬಿಚ್ಚಬೇಕು ಅನ್ನೋದೆಲ್ಲ ರೋಗ್ ಮೊಣಕಾಲೂರಿ ನೋಡಬೇಕಾದ್ದು. ಆಗ ಇಬ್ಬರೂ ಒಬ್ಬರನ್ನೊಬ್ಬರು ಕರೆಯುತ್ತಾರೆ. ಅಲ್ಲದೆ ಗಣಿ ಅಂದರೆ ಬರೀ ಕಲ್ಲಾ? ಮರದ ಆಸರೆ ಕಂಬಗಳಿರುತ್ತವೆ, ಹಗ್ಗ ರಾಟೆ ಇರುತ್ತವೆ, ಕಬ್ಬಿಣದ ಪೆಟ್ಟಿಗೆ, ಬೀಗ, ಬೀಗದೊಳಗೆ ಸೂಜಿ. ಇವು ಯಾವುದೂ ಡ್ವಾರ್ಫ್ ಮೂಗಿಗೆ ಬಡಿಯಬೇಕಾಗಿಲ್ಲ.

ಒಂದು ಮಾತು. ನಿಮ್ಮ ಸಹೋದ್ಯೋಗಿಗೆ ಬೇಜಾರಾಗಿದೆ ಅಂತ ನೀವು ಬರೆದಿಲ್ಲ, ಫೋನ್ ನೋಡುತ್ತಾಳೆ ಅಂತ ಬರೆದಿದ್ದೀರಿ. ಕೇಳಿದ್ದೀರಾ? ಶನಿವಾರ ಸಂಜೆ ಸುಸ್ತಾಗಿಯೂ ಇರಬಹುದು, ಆಟಕ್ಕಿಂತ ಹರಟೆಗೆ ಬರುತ್ತಿರಲೂಬಹುದು. ಮೊದಲು ಅವರನ್ನು ಕೇಳಿ. ಅಣ್ಣನ ಹತ್ತಿರ ಮಾತಾಡುವಾಗ ಮಾತ್ರ ಅವರ ಹೆಸರು ಎತ್ತಬೇಡಿ. "ಅವಳಿಗೆ ಬೇಜಾರಾಗುತ್ತೆ, ಅದಕ್ಕೇ ನಿನ್ನದು ತೆಗೆದೆ" ಅಂದರೆ ಮುಂದಿನ ಜಗಳ ಅವರಿಬ್ಬರ ಮಧ್ಯೆ ಶುರುವಾಗುತ್ತದೆ.

ಹಬ್ಬದವರೆಗೆ ಕಾಯಬೇಡಿ. ದೊಡ್ಡಪ್ಪ ದೊಡ್ಡಮ್ಮನ ಎದುರು, ಕಡುಬಿನ ತಟ್ಟೆ ಹಿಡಿದುಕೊಂಡು ಟ್ರ್ಯಾಪ್ ಪರ್ಸೆಂಟೇಜ್ ಮಾತಾಡೋಕಾಗಲ್ಲ. ಈ ವಾರವೇ ಫೋನ್ ಮಾಡಿ, ಮೆಸೇಜ್ ಬೇಡ. ಮೊದಲು ವಿಷದ್ದು ಹೇಳಿ, ಅದೂ ಶರತ್ತಿಲ್ಲದೆ: "ಅಣ್ಣಾ, ಆ ಸೇವ್‌ಗೆ ಎರಡು ಡೈಸ್ ನಿನ್ನದೇ, ನಾನು ಹಾಗೆ ಮಾಡಬಾರದಿತ್ತು." ಆಮೇಲೆ "ಆದರೆ" ಅಂತ ಮಾತು ಮುಂದುವರಿಸಬೇಡಿ, ಅವರು ಬೈಯುವುದಿದ್ದರೆ ಬೈದು ಮುಗಿಸಲಿ. ಕಲ್ಲಿನ ವಿಷಯ ಎರಡನೇ ಮಾತು: "ಆ ರೂಲ್ ನಾನು ಯೋಚಿಸದೆ ಕೊಟ್ಟೆ, ನನಗೆ ಒಂದು ಟ್ರ್ಯಾಪೂ ಇಡೋಕಾಗ್ತಿಲ್ಲ, ಏನು ಮಾಡೋಣ ಹೇಳು." ನಿಮಗೆ ಆಟ ಕಲಿಸಿದವರು, ನಿಮ್ಮ ಕಷ್ಟ ಅವರಿಗೆ ಅರ್ಥವಾಗುತ್ತದೆ. ನಾನು ಹೇಳಿದ್ದಕ್ಕಿಂತ ಒಳ್ಳೇ ದಾರಿ ಅವರೇ ತೋರಿಸಬಹುದು. ಹೊಸ ರೂಲ್ ಏನೇ ಆಗಲಿ, ಮುಂದಿನ ಸೆಷನ್ ಶುರುವಾಗುವ ಮೊದಲೇ ಎಲ್ಲರಿಗೂ ತಿಳಿಸಿ. ನಡುವೆ ಬೇಡ.

ಮಾತಿನ ಮಧ್ಯೆ ಅವರು "ಹಾಗಾದರೆ 2024ರ ಪುಸ್ತಕದ ಡ್ವಾರ್ಫ್ ಕೊಡು" ಅಂದರೆ ಗಾಬರಿ ಬೇಡ. ಅದರಲ್ಲಿ ಸ್ಟೋನ್‌ಕನಿಂಗ್ ಬೇರೆಯೇ. ಕಲ್ಲು ಮುಟ್ಟಿಕೊಂಡಿದ್ದರೆ ಹತ್ತು ನಿಮಿಷದ ಮಟ್ಟಿಗೆ 60 ಅಡಿ ಒಳಗೆ ಯಾರು ಓಡಾಡುತ್ತಿದ್ದಾರೆ ಅಂತ ತಿಳಿಯುತ್ತದೆ. ಅದೂ 5ನೇ ಲೆವೆಲ್‌ನಲ್ಲಿ ಮೂರು ಸಲ ಮಾತ್ರ, ಮತ್ತೆ ಬೇಕೆಂದರೆ ರಾತ್ರಿ ಮಲಗಿ ಎದ್ದಿರಬೇಕು. ಸುಮ್ಮನೆ ಕೂತ ಟ್ರ್ಯಾಪ್ ಅದಕ್ಕೆ ಸಿಗುವುದಿಲ್ಲ. ಆದರೆ ನಡಿಗೆ 30 ಅಡಿಯಾಗುತ್ತದೆ, ಕತ್ತಲಲ್ಲಿ 120 ಅಡಿ ಕಾಣುತ್ತದೆ, ಲೆವೆಲ್‌ಗೊಂದು ಹಿಟ್ ಪಾಯಿಂಟೂ ಜಾಸ್ತಿ ಸಿಗುತ್ತದೆ. ಹಾಗಾಗಿ ಕೊಡುವುದಾದರೆ ಅವರೊಬ್ಬರಿಗೇ ಕೊಡಬೇಡಿ. ಗಣಿ ಮುಗಿದ ಮೇಲೆ ಐದೂ ಜನ ಒಟ್ಟಿಗೆ ಹೊಸ ಪುಸ್ತಕಕ್ಕೆ ಹೋಗಿ.