ಆ ಬಾಟಲಿ ಯಾಕೆ ನಾರುತ್ತಿದೆ?

ಪ್ರಶ್ನೆ: ಕಡಲತೀರದ ಮರಳು ಕೆದಕಿ ಮಗಳು ಒಂದು ಬಾಟಲಿ ತುಂಬ ಬಟನ್‌ನಂಥ ನುಣುಪಾದ ಚಿಪ್ಪು ಆರಿಸಿ ತಂದಿದ್ದಾಳೆ. ಮೂರೇ ದಿನಕ್ಕೆ ವಿಪರೀತ ನಾತ. ವಿನಿಗರ್‌ನಲ್ಲಿ ನೆನೆಸಿದರೆ ಹೋಗುತ್ತದಾ?

ಪ್ರತಿ ರಜೆ ಮುಗಿದ ಮೇಲೂ ಇದೇ ಪ್ರಶ್ನೆ ಬರುತ್ತದೆ. ನಾತ ಹೋಗಿಸುವುದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ, ಯಾಕೆ ಬಂತು ಅಂತ ಯಾರೂ ಕೇಳುವುದಿಲ್ಲ. ನಿಮ್ಮ ಮಗಳು ತಂದಿದ್ದು ಜೀವಂತ ಬಸವನಹುಳುಗಳನ್ನು. ಅವು ಬಾಟಲಿಯೊಳಗೆ ಸತ್ತು ಕೊಳೆಯುತ್ತಿವೆ. ಮಗುವನ್ನು ಬೈಯಬೇಡಿ. ಜೊತೆಗಿದ್ದ ದೊಡ್ಡವರು ನೋಡಬೇಕಿತ್ತು.

ನೀವು ಹೇಳುವ ಆಕಾರ ಅಂಬೋನಿಯಮ್ ಎಂಬ ಕುಲದ ಬಸವನಹುಳುಗಳದ್ದು. ಗಾತ್ರ ಒಂದು ಸೆಂಟಿಮೀಟರಿನ ಆಸುಪಾಸು. ಒಂದು ಗುಲಾಬಿ, ಒಂದು ಬೂದು, ಇನ್ನೊಂದಕ್ಕೆ ಕಂದು ಗೆರೆ. ಒಂದರ ಹಾಗೆ ಇನ್ನೊಂದಿಲ್ಲ, ಅದಕ್ಕೇ ಕೈ ತಡೆಯುವುದಿಲ್ಲ. ನೀರು ಇಳಿದಾಗ ಇವು ಒದ್ದೆ ಮರಳಿನ ಮೇಲ್ಪದರದಲ್ಲೇ ಒತ್ತೊತ್ತಾಗಿ ಹುದುಗಿರುತ್ತವೆ. ನೀರು ಬಂದಾಗ ಒಂದು ಕೊಳವೆಯಲ್ಲಿ ನೀರು ಎಳೆದುಕೊಂಡು, ಕಿವಿರಿನಲ್ಲಿ ಸೋಸಿ, ಸಿಕ್ಕ ಕಣಗಳನ್ನು ತಿನ್ನುತ್ತವೆ. ಮರಳು ಬಗೆದ ತಕ್ಷಣ ರಾಶಿ ರಾಶಿ ಸಿಕ್ಕಿತು ಅಂದರೆ ಅದು ಅವುಗಳ ಮನೆ. ಖಾಲಿ ಚಿಪ್ಪು ಬೇಕಿದ್ದರೆ ಅಲೆ ತಂದು ಬಿಟ್ಟ ಒಣ ಸಾಲಿನಲ್ಲಿ ಹುಡುಕಿ.

ಅಲ್ಲೂ ಸುಮ್ನೆ ಜೇಬಿಗೆ ಹಾಕಬೇಡಿ. ಚಿಪ್ಪು ತಿರುಗಿಸಿ ಬಾಯಿಯೊಳಗೆ ನೋಡಿ. ಒಳಗೆ ಉಗುರಿನಷ್ಟು ತೆಳುವಾದ, ದುಂಡನೆಯ ಕಂದು ಮುಚ್ಚಳ ಕಂಡರೆ ಒಳಗೆ ಹುಳು ಇದೆ. ಪುಟಾಣಿ ಕೊಂಡಿಯೋ ಕಾಲೋ ಕಂಡರೆ ಸನ್ಯಾಸಿ ಏಡಿ ಬಂದು ಸೇರಿಕೊಂಡಿದೆ. ಅನುಮಾನವಾದರೆ ಒದ್ದೆ ಮರಳಿನ ಮೇಲಿಟ್ಟು ಸುಮ್ಮನೆ ಕೂತು ನೋಡಿ. ಮುಚ್ಚಳ ಸ್ವಲ್ಪ ಸರಿಯುತ್ತದೆ, ಮಾಂಸದ ಪಾದ ಹೊರಗೆ ಬರುತ್ತದೆ, ಚಿಪ್ಪು ಅಲ್ಲಾಡುತ್ತದೆ, ನೋಡನೋಡುತ್ತಲೇ ಮರಳಿನೊಳಗೆ ಮಾಯ. ಮಗಳಿಗೆ ಇದನ್ನು ತೋರಿಸಿ. ಬಾಟಲಿಗಿಂತ ಇದು ಜಾಸ್ತಿ ದಿನ ನೆನಪಿರುತ್ತದೆ.

ಈಗ ನಿಮ್ಮ ಬಾಟಲಿ. ವಿನಿಗರ್ ಬೇಡವೇ ಬೇಡ. ಚಿಪ್ಪು ಕ್ಯಾಲ್ಸಿಯಂ ಕಾರ್ಬೊನೇಟ್, ಆಮ್ಲಕ್ಕೆ ಕರಗುತ್ತದೆ, ಹೊಳಪು ಹೋಗಿ ಸುಣ್ಣದ ಹಾಗೆ ಮಂಕಾಗುತ್ತದೆ. ಎಲ್ಲವನ್ನೂ ಮಣ್ಣಲ್ಲಿ ಹೂತು ಕೆಲವು ವಾರ ಬಿಡಿ, ಆಮೇಲೆ ತೊಳೆಯಿರಿ. ಇನ್ನು ಕೆಲವರು ತೀರದಿಂದ ತಂದ ತಕ್ಷಣ ಕುದಿಸಿ ಅಂತ ಸಲಹೆ ಕೊಡುತ್ತಾರೆ. ಜೀವ ಇರುವುದನ್ನು ಅಲಂಕಾರಕ್ಕೋಸ್ಕರ ಬೇಯಿಸುವುದು ನನಗೆ ಸರಿ ಕಾಣುವುದಿಲ್ಲ.

ಪ್ರಶ್ನೆ: ಕಪ್ಪೆಚಿಪ್ಪಿನಲ್ಲಿ ಡ್ರಿಲ್ ಹೊಡೆದ ಹಾಗೆ ದುಂಡನೆಯ ತೂತು. ಪೋಣಿಸಲು ಯಾರಾದರೂ ಕೊರೆದಿದ್ದಾ?

ಅಲ್ಲ. ಮೂನ್ ಸ್ನೇಲ್ ಎಂಬ ಬಸವನಹುಳು ಆಮ್ಲದಿಂದ ಮೆತ್ತಗೆ ಮಾಡುತ್ತಾ, ಹಲ್ಲಿನ ಪಟ್ಟಿಯಿಂದ ಕೆರೆಯುತ್ತಾ ಗಂಟೆಗಟ್ಟಲೆ ಕೊರೆದು ಒಳಗಿನದನ್ನು ತಿಂದಿದೆ. ಹೊರಗೆ ಅಗಲ, ಒಳಗೆ ಕಿರಿದು ಇದ್ದರೆ ಅದರದ್ದೇ ಕೆಲಸ.

ಪ್ರಶ್ನೆ: ಮರಳು ಅಂಟಿದ ರಬ್ಬರ್ ಕಾಲರ್‌ನಂಥದ್ದು ಸಿಕ್ಕಿತು. ಕಸವಾ?

ಅದೇ ಹುಳುವಿನ ಮೊಟ್ಟೆಗಳು. ಇದ್ದಲ್ಲೇ ಬಿಡಿ.

ಪ್ರಶ್ನೆ: ಚಿಪ್ಪಿನ ಪುಡಿ ತಿಂದರೆ ಮಂಡಿನೋವು ಹೋಗುತ್ತದಂತೆ. ತೀರದ ಚಿಪ್ಪನ್ನೇ ಅರೆಯಬಹುದಾ?

ಖಂಡಿತ ಬೇಡ. ಇದನ್ನು ಹೇಳಿಕೊಟ್ಟವರು ನಿಮ್ಮ ಮಂಡಿ ನೋಡಿಲ್ಲ, ಆ ಚಿಪ್ಪಿನಲ್ಲಿ ಏನೇನು ಸೇರಿದೆ ಅಂತಲೂ ಅವರಿಗೆ ಗೊತ್ತಿಲ್ಲ. ವೈದ್ಯರ ಹತ್ತಿರ ಹೋಗಿ.

ಪ್ರಶ್ನೆ: ಕೋನ್ ಐಸ್‌ಕ್ರೀಮಿನ ಆಕಾರದ, ಬಲೆಯಂಥ ಚಿತ್ತಾರದ ಚಿಪ್ಪು. ಅಗಲದ ಕಡೆ ಹಿಡಿದರೆ ಅಪಾಯ ಇಲ್ಲ ಅಲ್ವಾ?

ಈ ಮಾತು ಯಾರು ಹಬ್ಬಿಸಿದರೋ! ಕೋನ್ ಬಸವನಹುಳುವಿನ ಸೊಂಡಿಲು ಉದ್ದಕ್ಕೆ ಚಾಚುತ್ತದೆ, ನೀವು ಹಿಡಿದ ಕಡೆಗೂ ತಿರುಗುತ್ತದೆ. ತುದಿಯಲ್ಲಿ ವಿಷದ ಮುಳ್ಳು. ಇವುಗಳಲ್ಲಿ ಕೋನಸ್ ಜಿಯಾಗ್ರಫಸ್ ಎಂಬ ಜಾತಿ ಚುಚ್ಚಿ ಮನುಷ್ಯರು ಸತ್ತಿದ್ದಾರೆ, ಆ ವಿಷಕ್ಕೆ ಪ್ರತಿವಿಷ ಇಲ್ಲ. ಖಾಲಿ ಅಂತ ಅನಿಸಿದರೂ ನಾನಂತೂ ಬರಿಗೈಯಲ್ಲಿ ಎತ್ತುವುದಿಲ್ಲ, ಮಕ್ಕಳ ಕೈಗೆ ಕೊಡುವುದೂ ಇಲ್ಲ. ಚುಚ್ಚಿದರೆ ನೋವು ಇರಲಿ ಇಲ್ಲದಿರಲಿ, ಆ ಕೈ ಅಲ್ಲಾಡಿಸದೆ ತಕ್ಷಣ ಆಸ್ಪತ್ರೆಗೆ ಓಡಿ.