ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ ಗಂಡ

ಪ್ರಶ್ನೆ: ನಾನು ಹೈಸ್ಕೂಲ್ ಟೀಚರ್. ಮದುವೆಯಾಗಿ 12 ವರ್ಷ. ಯಜಮಾನರು ಬೆಂಗಳೂರಲ್ಲಿ ಕೆಲಸದಲ್ಲಿದ್ದು ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದರು. ಭಾನುವಾರ ಮಗನ ಜೊತೆ ಬೆಣ್ಣೆದೋಸೆ, ಸಿನಿಮಾ, ಜಗಳವೇ ಇರಲಿಲ್ಲ. ಈಗ ವರ್ಗವಾಗಿ ಊರಿಗೇ ಬಂದಿದ್ದಾರೆ. ಕುಕ್ಕರ್ ಎಷ್ಟು ಸಲ ಕೂಗಬೇಕು ಅನ್ನುವುದರಿಂದ ಹಾಲಿನ ಲೆಕ್ಕದವರೆಗೆ ಎಲ್ಲಕ್ಕೂ ತಕರಾರು. ಮಗ ಡೈರಿಗೆ ನನ್ನ ಸಹಿ ಹಾಕಿಸಿಕೊಂಡರೂ ಸಿಟ್ಟು. ಇಬ್ಬರಿಗೂ ಸಾಕಾಗಿದೆ. ಇಷ್ಟು ವರ್ಷ ಬೇರೆಯೇ ಇದ್ದೆವಲ್ಲ, ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಈಗಲೇ ಅರ್ಜಿ ಹಾಕಬಹುದೇ?
– ಹೆಸರು ಬೇಡ, ದಾವಣಗೆರೆ

ಉತ್ತರ: ಕಾನೂನಿನ ಮಾತು ಮೊದಲು ಮುಗಿಸಿಬಿಡೋಣ ತಾಯಿ. ಹಾಕಲಾಗದು. ಹಿಂದೂ ವಿವಾಹ ಕಾಯ್ದೆಯ 13ಬಿ ಕಲಂ ಕೇಳುವುದು ಗಂಡ-ಹೆಂಡತಿಯಾಗಿ ಬಾಳದೆ ಕಳೆದ ಒಂದು ವರ್ಷ. ನೌಕರಿಗೆಂದು ಬೇರೆ ಊರಲ್ಲಿದ್ದದ್ದು ಆ ಲೆಕ್ಕಕ್ಕೆ ಬರದು. ಒಂದೇ ಸೂರಿನಡಿ ಇದ್ದೂ ದಾಂಪತ್ಯ ಇಲ್ಲದಿದ್ದರೆ ಬಂದೀತು. ಸುಪ್ರೀಂ ಕೋರ್ಟ್ 1991ರಲ್ಲೇ ಇದನ್ನು ಹೇಳಿದೆ. ಅರ್ಜಿ ಹಾಕಿದ ಮೇಲೂ ಆರು ತಿಂಗಳು ಕಾಯಬೇಕು. ಅದನ್ನು ಮನ್ನಾ ಮಾಡಬಹುದೆಂದು 2017ರ ತೀರ್ಪಿದೆ, ಆದರೆ ರಾಜಿಯ ದಾರಿಗಳೆಲ್ಲ ಮುಗಿದವರಿಗೆ. ನೀವಿನ್ನೂ ಕೂತು ಮಾತಾಡಿದಂತೆಯೇ ಕಾಣೆ.

ಆ ಡೈರಿಯ ಸಿಟ್ಟು ನೋಡಿ. ಇಷ್ಟು ವರ್ಷ ಮನೆ ನಡೆಸಿದ್ದು ನೀವು, ಅವರು ನೆಂಟರ ಹಾಗೆ ಬಂದು ಹೋದರು. ಈಗ ಬಂದು ನೋಡಿದರೆ ಅವರ ಪಾಲಿಗೆ ಒಂದು ಕೆಲಸವೂ ಉಳಿದಿಲ್ಲ, ತಪ್ಪು ಹುಡುಕುವುದನ್ನು ಬಿಟ್ಟು. (ರಿಟೈರಾದವರ ಮನೆಯಲ್ಲೂ ಇದೇ ಗೋಳು, ಅವರ ಹೆಂಡತಿಯರು ನನಗೆ ಪತ್ರ ಬರೆಯುವುದಿಲ್ಲ, ತವರಿಗೆ ಹೋಗಿ ಒಂದು ತಿಂಗಳು ಇದ್ದುಬಿಡುತ್ತಾರೆ.) ಹಾಲು, ಕರೆಂಟ್ ಬಿಲ್ಲು, ಮಗನ ಶಾಲೆ ಮೂರನ್ನೂ ಅವರಿಗೆ ವಹಿಸಿ. ಬಿಲ್ಲು ಕಟ್ಟಲು ಮರೆತು ಲೈನ್‌ಮನ್ ಫ್ಯೂಸ್ ಕಿತ್ತುಕೊಂಡು ಹೋದರೂ ನೀವು ಓಡಬೇಡಿ. ಕುಕ್ಕರ್ ಮಾತ್ರ ಅಡುಗೆ ಮಾಡಿದವರ ಇಷ್ಟ. ಕೂಗು ಎಣಿಸುವವರು ಒಲೆ ಮುಂದೆ ನಿಲ್ಲಲಿ.

ನೀವು ಬರೆಯದ ಒಂದು ಸಂಗತಿ ಕೇಳಬೇಕು. ಮಗನೆದುರು ನಿಮ್ಮನ್ನು ಹೀಯಾಳಿಸುತ್ತಾರಾ? ಕಿರುಚಾಡಿಕೊಂಡು ಬಂದವರು ನನ್ನ ಕಚೇರಿಯಿಂದ ಒಂದೇ ಸ್ಕೂಟರಿನಲ್ಲಿ ಹೋದದ್ದುಂಟು. ಒಬ್ಬರು ಮಾತಾಡುವಾಗ ಇನ್ನೊಬ್ಬರು ತುಟಿ ಓರೆ ಮಾಡಿ ನಕ್ಕರೆ ನನಗೆ ಭಯ. ದಂಪತಿಗಳ ಮಾತುಕತೆಯನ್ನು ಚಿತ್ರೀಕರಿಸಿ ಅಧ್ಯಯನ ಮಾಡಿದ ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ಕೂಡ ತಿರಸ್ಕಾರವನ್ನೇ ವಿಚ್ಛೇದನದ ದೊಡ್ಡ ಮುನ್ಸೂಚನೆ ಎಂದಿದ್ದಾರೆ. ಹಾಗಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೆ ಅಲ್ಲಿ ನೆರವು ಉಚಿತ. ಕೈ ಮಾಡಿದ್ದರಂತೂ ಇದೆಲ್ಲ ಬಿಟ್ಟು ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ.