ಓಮ್ ಯಾವ ಸ್ಟೇಟಿನವನು?

ಪ್ರಶ್ನೆ: ನಾನು ಬ್ಯಾಡಗಿ ತಾಲ್ಲೂಕಿನ ಹಳ್ಳಿಯವಳು. ಎಸ್ಸೆಸ್ಸೆಲ್ಸಿವರೆಗೆ ಸರಕಾರಿ ಶಾಲೆ, ಕನ್ನಡ ಮಾಧ್ಯಮ, ಶೇ 91 ಬಂದಿತ್ತು. ಈಗ ಧಾರವಾಡದಲ್ಲಿ ಪಿಯು ಮೊದಲ ವರ್ಷ, ಸೈನ್ಸ್. ಫಿಜಿಕ್ಸ್ ಕ್ಲಾಸಿನಲ್ಲಿ ಏನೂ ತಲೆಗೆ ಹತ್ತುವುದಿಲ್ಲ. ಮೊದಲ ಟೆಸ್ಟಿನಲ್ಲಿ 25ಕ್ಕೆ 6. ರೂಮಿನವರೆಲ್ಲ ಇಂಗ್ಲಿಷ್ ಮಾಧ್ಯಮದವರು, ಡೌಟ್ ಕೇಳಲು ನಾಚಿಕೆ. ಆರ್ಟ್ಸಿಗೆ ಹೋಗಲೇ ಮೇಡಂ? ಅಪ್ಪನಿಗೆ ಇನ್ನೂ ಹೇಳಿಲ್ಲ.
— ಹೆಸರು ಬೇಡ, ಸಪ್ತಾಪುರ

ಉತ್ತರ: ತಂಗೀ, ಹೋದ 19 ಅಂಕ ಎಲ್ಲೆಲ್ಲಿ ಹೋದವು ಅಂತ ಉತ್ತರಪತ್ರಿಕೆ ತೆಗೆದು ನೋಡಿದೆಯಾ? ಇದೇ ಊರಲ್ಲಿ ಮೂವತ್ತು ವರ್ಷ ಫಿಜಿಕ್ಸ್ ಕಲಿಸಿದೆ. ಕನ್ನಡ ಶಾಲೆಯಿಂದ ಬಂದವರು ಮೊದಲು ಎಡವುವುದು ವಿಷಯದಲ್ಲಲ್ಲ, ಪ್ರಶ್ನೆ ಓದುವಲ್ಲಿ.

ನನ್ನದೇ ಫಜೀತಿ ಕೇಳು. ಶಿಗ್ಗಾವಿ ಕಡೆಯಿಂದ ಬಂದು ಬರೆದ ಮೊದಲ ಪರೀಕ್ಷೆ. ‘ಸ್ಟೇಟ್ ಓಮ್ಸ್ ಲಾ’ ಅಂತಿತ್ತು. ಸ್ಟೇಟ್ ಅಂದರೆ ನನಗೆ ಗೊತ್ತಿದ್ದದ್ದು ಮೈಸೂರು ಸ್ಟೇಟ್ ಒಂದೇ. ಈ ಓಮ್ ಯಾವ ರಾಜ್ಯದವನೋ ಅಂತ ಪೆನ್ನು ಕಚ್ಚುತ್ತ ಕೂತೆ. ಕೇಳಿದ್ದು ‘ಓಮನ ನಿಯಮವನ್ನು ನಿರೂಪಿಸು’ ಅಂತ, ಆ ನಿಯಮ ಕನ್ನಡದಲ್ಲಿ ಬಾಯಿಪಾಠ ಬರುತ್ತಿತ್ತು! ಜಾಗ ಖಾಲಿ ಬಿಟ್ಟು ಎದ್ದು ಬಂದೆ.

ಹಾಗಾಗಿ ಹಳೇ ಪ್ರಶ್ನೆಪತ್ರಿಕೆ ಹರವಿಕೊಂಡು ಪ್ರಶ್ನೆಯ ಕ್ರಿಯಾಪದಗಳನ್ನಷ್ಟೇ ಆರಿಸು. ಸ್ಟೇಟ್, ಡಿಫೈನ್ (ವ್ಯಾಖ್ಯೆ ಕೊಡು), ಡಿರೈವ್ (ಸೂತ್ರ ಸಾಧಿಸು), ಡಿಸ್ಟಿಂಗ್ವಿಷ್ (ವ್ಯತ್ಯಾಸ ಹೇಳು), ‘ಅಕೌಂಟ್ ಫಾರ್’ (ಇದು ಬ್ಯಾಂಕಿನ ಖಾತೆಯಲ್ಲ, ‘ಕಾರಣ ಕೊಡು’). ಮತ್ತೆ ಮತ್ತೆ ಬರುವವು ಬಹಳ ಇಲ್ಲ.

ಆಮೇಲೆ ಪಾರಿಭಾಷಿಕ ಪದ. ನಿನ್ನ ಒಂಬತ್ತು, ಹತ್ತನೆಯ ತರಗತಿಯ ವಿಜ್ಞಾನದ ಪುಸ್ತಕ ಮನೆಯಲ್ಲಿದ್ದರೆ ತರಿಸಿಕೋ. ಅದರ ಇಂಗ್ಲಿಷ್ ಮಾಧ್ಯಮದ ಪ್ರತಿ ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ದಿನಕ್ಕೆ ಒಂದು ಪುಟ ಓದು. ಜಡತ್ವ ಇನರ್ಷಿಯಾ, ಸಂವೇಗ ಮೊಮೆಂಟಮ್, ವೇಗೋತ್ಕರ್ಷ ಆಕ್ಸಿಲರೇಶನ್. ದ್ಯುತಿ ಅಂದರೆ ಬೆಳಕು, ಸಂಶ್ಲೇಷಣೆ ಅಂದರೆ ಕೂಡಿಸುವುದು. ಫೋಟೋಸಿಂಥೆಸಿಸ್ ಅನ್ನೂ ಹಾಗೇ ಒಡೆದು ನೋಡು. ಗ್ರೀಕಿನಿಂದ ಕಟ್ಟಿದ ಆ ಪದ ಲಂಡನ್ನಿನ ಹುಡುಗನಿಗೂ ಮನೆಮಾತಲ್ಲ.

ಇಂಗ್ಲಿಷ್ ಬೇಡ ಎನ್ನುವವಳು ನಾನಲ್ಲ. ಇವತ್ತು ಹೊಸ ಸಂಶೋಧನೆಯ ಹೆಚ್ಚುಪಾಲು ಅದರಲ್ಲೇ ಅಚ್ಚಾಗುತ್ತದೆ, ನೀನು ಮುಂದೆ ಏನೇ ಓದಿದರೂ ಅದು ಬೇಕು. ಆದರೆ ನೀನು ಈಗ ಓದುತ್ತಿರುವ ಚಲನೆಯ ನಿಯಮಗಳನ್ನು ನ್ಯೂಟನ್ 1687ರಲ್ಲಿ ಅಚ್ಚು ಹಾಕಿಸಿದ್ದು ಲ್ಯಾಟಿನ್‌ನಲ್ಲಿ. ಬೆಳಕಿನ ಪುಸ್ತಕವನ್ನು 1704ರಲ್ಲಿ ಇಂಗ್ಲಿಷಿನಲ್ಲಿ ತಂದ. ಐನ್‌ಸ್ಟೈನ್ 1905ರಲ್ಲಿ ಬರೆದದ್ದು ಜರ್ಮನ್‌ನಲ್ಲಿ. ಸದ್ಯ ಇಂಗ್ಲಿಷಿನ ಪಾಳಿ, ಅಷ್ಟೇ.

ರೂಮಿನ ಹುಡುಗಿಯರ ಮಾತು. ‘ಇನರ್ಷಿಯಾ ಅಂದ್ರೇನ, ಕನ್ನಡದಾಗ ಹೇಳ’ ಅಂತ ಒಬ್ಬಳನ್ನು ಕೇಳು. ವ್ಯಾಖ್ಯೆ ಗಡಗಡ ಒಪ್ಪಿಸಿ ಅಲ್ಲೇ ನಿಂತರೆ, ಜುಬಿಲಿ ಸರ್ಕಲ್ಲಿನಲ್ಲಿ ಸಿಟಿ ಬಸ್ಸಿನವ ಬ್ರೇಕ್ ಒತ್ತಿದಾಗ ನಾವೆಲ್ಲ ಮುಂದಕ್ಕೆ ಮುಗ್ಗರಿಸುವುದನ್ನು ನೀನೇ ಹೇಳಿಕೊಡು. ಉಚ್ಚಾರ ಅವಳಿಂದ ಕಲಿ.

ಆರ್ಟ್ಸ್ ಇಷ್ಟವಿದ್ದರೆ ಅದೂ ಒಳ್ಳೆಯದೇ, ಆದರೆ ಅದನ್ನು ನೀನು ಎಲ್ಲೂ ಬರೆದಿಲ್ಲ. ಬದಲಾಯಿಸಲು ಕೊನೆಯ ದಿನ ಯಾವುದು ಅಂತ ಆಫೀಸಿನಲ್ಲಿ ಕೇಳಿಟ್ಟುಕೋ. ಅಪ್ಪನಿಗೆ ಈ ಭಾನುವಾರವೇ ಫೋನ್ ಹಚ್ಚು, ಆರು ಅಂಕ ಅಂತಲೇ ಹೇಳು. ಮುಂದಿನ ಟೆಸ್ಟಿನ ಉತ್ತರಪತ್ರಿಕೆಯ ಜೆರಾಕ್ಸ್ ನನಗೆ ಕಳಿಸು, ಯಾವ ಪದ ಕಾಲಿಗೆ ತೊಡರಿತು ನೋಡೋಣ.